ಎಡಚಿ ಪಿಸ್ತೂಲು ಕೊಂಡದ್ದು

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಎಡಚಿ ಅಂತ. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಚಂದದ ಹೆಸರು ಇತ್ತು, ಇಲ್ಲ ಅಂತಲ್ಲ. ಆದರೆ ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಐವತ್ತೊಂದು ವರ್ಷ ವಯಸ್ಸು, ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಹೊಸ ನಮೂನೆ ಬಂದರೆ ಅಳತೆ ಕಾಗದ ಕತ್ತರಿಸುವುದು ಅವಳೇ, ಬಟ್ಟೆಗೆ ಮೊದಲ ಕತ್ತರಿ ಹಾಕುವುದೂ ಅವಳೇ. ಅವಳು ಎಳೆದ ಗೆರೆ ಒಂದು ನೂಲಿನಷ್ಟೂ ಆಚೀಚೆ ಆಗುವುದಿಲ್ಲ ಅಂತ ಇಡೀ ಕಾರ್ಖಾನೆಗೆ ಗೊತ್ತು.

ಎಡಗೈಯವರಿಗೆ ಈ ಲೋಕ ಏನು ಮಾಡುತ್ತದೆ ಅನ್ನುವುದು ಬಲಗೈಯವರಿಗೆ ಗೊತ್ತೇ ಇರುವುದಿಲ್ಲ, ನೋಡಿ. ಒಂದು ಕತ್ತರಿಯನ್ನೇ ತಗೊಳ್ಳಿ. ಅದರಲ್ಲೇನು ಎಡ ಬಲ ಅಂತೀರಿ. ಎಡಗೈಲಿ ಹಿಡಿದು ಒಂದು ಗೆರೆ ಕತ್ತರಿಸಿ ನೋಡಿ: ಮೇಲಿನ ಅಲಗು ಗೆರೆಯನ್ನೇ ಮುಚ್ಚಿಬಿಡುತ್ತದೆ, ಕುರುಡರಂತೆ ಕತ್ತರಿಸಬೇಕು. ಅದಕ್ಕೇ ಅವಳು ಇಪ್ಪತ್ತು ವರ್ಷ ಬಲಗೈಲಿ ಕತ್ತರಿ ಹಿಡಿದಳು. ಹೆಬ್ಬೆರಳ ಬುಡದಲ್ಲಿ ಕಡಲೆ ಗಾತ್ರದ ಗಂಟು ಬಂತು. ಕೊನೆಗೆ ಸಾಣೆಯವನೊಬ್ಬನನ್ನು ಕಾಡಿ ಬೇಡಿ ಅಲಗು ತಿರುವುಮುರುವು ಮಾಡಿಸಿದ ಕತ್ತರಿ ಕೈಗೆ ಬಂದ ದಿನ, ಕಟಿಂಗ್ ಮೇಜಿನ ಮುಂದೆ ನಿಂತು ಗಳಗಳ ಅತ್ತಳು. ಸುತ್ತ ಇದ್ದವರು ಯಾರೋ ತೀರಿಹೋದರೇನೋ ಅಂದುಕೊಂಡರು. ತೀರಿಹೋಗಿದ್ದು ಇಪ್ಪತ್ತು ವರ್ಷ, ಅಷ್ಟೆ.

ಇದಕ್ಕೆಲ್ಲ ಬುಡ ಎಲ್ಲಿ ಅಂದರೆ ಮನೆಯಲ್ಲೇ. ಐದು ವರ್ಷದ ಹುಡುಗಿಗೆ ಅಕ್ಷರ ತಿದ್ದಿಸಲು ಕೂರಿಸಿದಾಗ ಅವಳು ಬಳಪ ಹಿಡಿದದ್ದು ಎಡಗೈಲಿ. ಅಮ್ಮ ಬಳಪ ಕಿತ್ತು ಬಲಗೈಗೆ ಕೊಟ್ಟಳು. ಅದು ಮತ್ತೆ ಎಡಗೈಗೆ ಹೋಯಿತು. ಮೂರನೇ ದಿನ ಅಮ್ಮ ಜಡೆಯ ರಿಬ್ಬನ್ನು ತಂದು ಮಗಳ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿದಳು. ನೀಲಿ ರಿಬ್ಬನ್ನು. ಕಾವಲಿಗೆ ಅಣ್ಣನನ್ನು ಕೂರಿಸಿದಳು. ಅವಳಿಗಿಂತ ನಾಲ್ಕೇ ವರ್ಷ ದೊಡ್ಡವನು, ಆದರೆ ಕೊಟ್ಟ ಕೆಲಸವನ್ನು ಎಷ್ಟು ನಿಯತ್ತಿನಿಂದ ಮಾಡಿದ ಅಂತೀರಿ! ಗಂಟು ಒಂಚೂರು ಸಡಿಲಾಗಿ ಬೆರಳು ಹೊರಗೆ ಬಂತೋ ಇಲ್ಲವೋ, "ಅಮ್ಮಾ, ಎಡಗೈ!" ಅಂತ ಕೂಗು. ಊಟಕ್ಕೆ ಕೂತರೂ "ಅಮ್ಮಾ, ಎಡಗೈ!" ಬಾಗಿಲು ತೆಗೆದರೂ "ಅಮ್ಮಾ, ಎಡಗೈ!" ಹೀಗೆ ಬಲಗೈ ಅಕ್ಷರ ತಿದ್ದಿತು, ಎಡಗೈಯನ್ನು ಮನೆಯವರು ತಿದ್ದಿದರು.

ಆಮೇಲೆ ಅವಳು ಬಲಗೈಲೇ ಬರೆದಳು, ಬಲಗೈಲೇ ಉಂಡಳು, ಹೆಸರು ಮಾತ್ರ ಎಡಚಿ ಅಂತಲೇ ಉಳಿಯಿತು. ಇದು ಯಾವ ನ್ಯಾಯ ಸ್ವಾಮಿ? ಕೈಯನ್ನೂ ಕಿತ್ತುಕೊಂಡು, ಅಡ್ಡಹೆಸರನ್ನೂ ಅಂಟಿಸುವುದು!

ಪಿಸ್ತೂಲಿನ ಸಂಗತಿ ಶುರುವಾದದ್ದು ಮರಳು ಚೀಲದಿಂದ. ಪೇಟೆಯ ಅಂಚಿನ ಶೂಟಿಂಗ್ ಕ್ಲಬ್ಬಿನವರು ಗುರಿಹಲಗೆಯ ಹಿಂದೆ ಪೇರಿಸಲು ಅವಳ ಕಾರ್ಖಾನೆಯಲ್ಲೇ ದಪ್ಪ ಕ್ಯಾನ್ವಾಸಿನ ಚೀಲ ಹೊಲಿಸಿಕೊಂಡಿದ್ದರು. ಚೀಲದ ಬಾಯಿ ಸರಿ ಕೂತಿದೆಯೋ ಇಲ್ಲವೋ ನೋಡಲು ಅವಳೇ ಹೋದಳು. ಅಲ್ಲಿ ಕಲಿಸುವ ಮುದುಕರು ಪ್ರತಿ ಮಾತಿಗೂ "ಉಸಿರು, ಉಸಿರು" ಅನ್ನುವವರು. ಹಾಗಾಗಿ ಎಲ್ಲರ ಬಾಯಲ್ಲೂ ಉಸಿರು ಮೇಷ್ಟ್ರು. ಅವರು ಸುಮ್ಮನೆ ಕೇಳಿದರು, "ಒಂದು ಸಲ ಹೊಡೆದು ನೋಡ್ತೀರೇನಮ್ಮಾ?" ಅವಳು ನಗುತ್ತಾ ಹಿಡಿದಳು. ದೂರದಲ್ಲಿ ಬಿಳಿ ಕಾಗದ, ನಡುವೆ ಕಪ್ಪು ಚುಕ್ಕೆ. ಉಸಿರು ಬಿಟ್ಟು ನಿಲ್ಲಿಸಿದ ಆ ಒಂದು ಗಳಿಗೆಯಲ್ಲಿ ಕಾರ್ಖಾನೆಯ ಮಿಷನ್ನುಗಳ ಸದ್ದು, ಮನೆ, ಮಠ ಎಲ್ಲಾ ನಿಂತುಹೋಯಿತು. ಮೂವತ್ತು ವರ್ಷದಿಂದ ಗೆರೆ ನೋಡಿ ನೋಡಿ ಪಳಗಿದ ಕಣ್ಣಲ್ಲವೇ, ಆ ಚುಕ್ಕೆ ಅವಳನ್ನು ಹಿಡಿದುಕೊಂಡುಬಿಟ್ಟಿತು. ಮುಂದಿನ ಭಾನುವಾರದಿಂದ ಅವಳು ಕ್ಲಬ್ಬಿನ ಸದಸ್ಯೆ.

ಒಂದು ವರ್ಷ ಕ್ಲಬ್ಬಿನ ಪಿಸ್ತೂಲಲ್ಲೇ ಕಲಿತಳು, ಎಂದಿನಂತೆ ಬಲಗೈಲಿ. ಮೂವತ್ತು ಗುಂಡಿಗೆ ಮುನ್ನೂರು ಅಂಕ. ಅವಳದು ಇನ್ನೂರ ಮೂವತ್ತಕ್ಕೆ ಬಂದು ಕೆಸರಲ್ಲಿ ಸಿಕ್ಕ ಗಾಡಿಯಂತೆ ನಿಂತಿತು. ಒಂದು ದಿನ ಮೇಷ್ಟ್ರು ಏನೋ ಅನುಮಾನ ಬಂದು, "ಎರಡೂ ಕೈ ಮುಂದೆ ಚಾಚಿ, ಬೆರಳು ಕೂಡಿಸಿ, ನಡುವೆ ಉಳಿದ ಸಂದಿಯಿಂದ ನನ್ನ ಮೂಗು ನೋಡಿ" ಅಂದರು. ನೋಡಿದಳು. "ನೀವು ನೋಡ್ತಿರೋದು ಎಡಗಣ್ಣಲ್ಲಿ! ಕೈ ಬಲ, ಕಣ್ಣು ಎಡ, ಅಂಕ ಎಲ್ಲಿಂದ ಬರಬೇಕು? ಒಂದು ವರ್ಷ ನಿಮ್ಮ ಕೈ ನೋಡಿದೆ, ಕಣ್ಣು ನೋಡಲಿಲ್ಲ. ತಪ್ಪು ನನ್ನದು" ಅಂದರು. ತಪ್ಪು ನನ್ನದು ಅಂತ ಅವಳ ಕೈ ವಿಷಯದಲ್ಲಿ ಯಾರಾದರೂ ಹೇಳಿದ್ದು ಅದೇ ಮೊದಲು.

ಕ್ಲಬ್ಬಿನ ಮೂಲೆಯಲ್ಲಿ ಒಂದು ಹಳೇ ಪಿಸ್ತೂಲಿತ್ತು, ಹಿಡಿಕೆ ಪೊರಕೆ ಹಿಡಿಯಂತೆ ನೇರ, ಯಾವ ಕೈಗಾದರೂ ಆದೀತು. ಅದನ್ನು ಎಡಗೈಗೆ ಕೊಟ್ಟರು. ಮೊದಲ ತಿಂಗಳೇ ಇನ್ನೂರ ಐವತ್ತೈದು.

ಆಗಲೇ ಅವಳು ತೀರ್ಮಾನ ಮಾಡಿದ್ದು: ನನ್ನದೇ ಒಂದು ಪಿಸ್ತೂಲು ಬೇಕು, ಎಡಗೈಯದು. ಪರವಾನಗಿಗೆ ಅರ್ಜಿ ಹಾಕಿದಳು. ನಿಯಮ ಏನಂದರೆ, ಮೊದಲು ಸಿಗುವುದು ಮೂರು ತಿಂಗಳ ತಾತ್ಕಾಲಿಕ ಪರವಾನಗಿ. ಅಷ್ಟರೊಳಗೆ ಒಂದೇ ಒಂದು ಪಿಸ್ತೂಲು ಕೊಳ್ಳಬೇಕು, ಅದನ್ನು ಕ್ಲಬ್ಬಿನ ಬೀಗದಲ್ಲೇ ಇಡಬೇಕು, ಅದೇ ಪಿಸ್ತೂಲಲ್ಲಿ ಪರೀಕ್ಷೆಗೆ ನಿಂತು ಇನ್ನೂರ ಐವತ್ತು ಅಂಕ ತೆಗೆಯಬೇಕು. ತೆಗೆಯದಿದ್ದರೆ ಪಿಸ್ತೂಲು ಅಂಗಡಿಗೆ ವಾಪಸು, ಎರಡು ವರ್ಷ ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಇನ್ನೊಂದು ನಿಯಮ, ಮನೆಯವರೊಬ್ಬರು ಜಾಮೀನು ನಿಲ್ಲಬೇಕು. ಅವಳಿಗೆ ಗಂಡನಿಲ್ಲ, ತೀರಿಕೊಂಡು ಎಂಟು ವರ್ಷ. ಜಾಮೀನು ನಿಂತವನು ಅಣ್ಣ. ಫಾರಂ ತುಂಬಿದವನೂ ಅವನೇ, ತನ್ನ ಫೋನ್ ನಂಬರು ಬರೆದವನೂ ಅವನೇ.

ಅಂಗಡಿಗೆ ಇಬ್ಬರೂ ಹೋದರು. ಅಲ್ಲಿ ಶುರುವಾಯಿತು ನೋಡಿ. ಅಂಗಡಿಯವನು ಮೀಸೆ ತೀಡಿದ ಆಸಾಮಿ, ಅವಳ ಕಡೆ ಕಣ್ಣೆತ್ತಿಯೂ ನೋಡದೆ ಅಣ್ಣನನ್ನು ಕೇಳಿದ, "ಸಾರ್, ಮೇಡಂಗೆ ಎಂಥದು ಕೊಡಲಿ?"

"ಮೇಡಂಗೆ ಬಾಯಿದೆ" ಅಂದಳು ಎಡಚಿ.

ಅವನು ಹಲ್ಲು ಕಿರಿದು, ಗಾಜಿನ ಕಪಾಟಿನಿಂದ ಒಂದು ಪುಟ್ಟ ಪಿಸ್ತೂಲು ತೆಗೆದ. ಹಿಡಿಕೆಗೆ ಗುಲಾಬಿ ಬಣ್ಣ. "ಇದು ಲೇಡೀಸ್ ಪೀಸು. ಹಗುರ, ನಾಜೂಕು, ಪರ್ಸಲ್ಲಿ ಹಿಡಿಯುತ್ತೆ."

"ನನಗೆ ಪರ್ಸಿಗೆ ಬೇಡಪ್ಪ, ಗುರಿಗೆ ಬೇಕು. ಹಗುರ ಇದ್ದರೆ ಕೈ ಅಲ್ಲಾಡುತ್ತೆ. ಮೂತಿ ಗಿಡ್ಡ ಇದ್ದರೆ ಗುರಿ ತಪ್ಪುತ್ತೆ. ಆ ಕಪ್ಪಗಿರೋದು ತೆಗಿ, ಉದ್ದಂದು."

"ಅದು ಭಾರ ಮೇಡಂ."

"ಇಡೀ ದಿನ ಬಟ್ಟೆ ಥಾನು ಹೊರೋ ಕೈ ಇದು. ತೆಗಿ."

ಮೇಷ್ಟ್ರು ಹೇಳಿಕೊಟ್ಟ ಪರೀಕ್ಷೆ ಸುಲಭದ್ದು. ಪಿಸ್ತೂಲು ಖಾಲಿ ಇದೆ ಅಂತ ಮೊದಲು ಕಣ್ಣಾರೆ ನೋಡಿ, ಖಾಲಿ ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ ಕೈ ಎತ್ತು, ಆಮೇಲೆ ಕಣ್ಣು ಬಿಡು. ಗುರಿ ಹಿಡಿಯಲು ಮೂತಿಯ ತುದಿಯಲ್ಲಿರುವ ಮೊನೆ ಹಿಂದಿನ ಕಚ್ಚಿನ ನಡುವೆ ತಾನಾಗಿ ಕೂತಿದ್ದರೆ ಅದು ನಿನ್ನ ಪಿಸ್ತೂಲು. ಮಣಿಕಟ್ಟು ತಿರುಚಿ ಕೂರಿಸಬೇಕಾದರೆ ಅದು ಬೇರೆಯವರದ್ದು. ಅವಳು ಒಂದೊಂದಾಗಿ ಐದು ಹಿಡಿದಳು. ಮೂತಿಯ ಉದ್ದ, ತೂಕ, ಬೆರಳಲ್ಲಿ ಕುದುರೆ ಎಳೆಯುವ ಬಿಗಿ ಎಲ್ಲಕ್ಕೂ ಆ ಕಪ್ಪನೆಯದೇ ಸರಿ. ಆದರೆ ಅದರ ಮರದ ಹಿಡಿಕೆ ಬಲಗೈಗೆ ಕೆತ್ತಿದ್ದು. ಅಂಗೈ ತುಂಬುವ ಉಬ್ಬು, ಹೆಬ್ಬೆರಳು ಕೂರುವ ತಗ್ಗು, ಎಲ್ಲಾ ಉಲ್ಟಾ. ಎಡಗೈಲಿ ಹಿಡಿದರೆ ಉಬ್ಬು ಬೆರಳಿಗೆ ಚುಚ್ಚುತ್ತಿತ್ತು.

"ಎಡಗೈ ಹಿಡಿಕೆ ತರಿಸಬಹುದು" ಅಂದ ಅಂಗಡಿಯವನು. "ತಯಾರಿಸುವವರಿಗೆ ಕೈ ಅಳತೆ ಕಳಿಸಬೇಕು. ಎರಡು ತಿಂಗಳು ಹಿಡಿಯುತ್ತೆ."

ಅಳತೆ! ಅದು ಅವಳ ವಿದ್ಯೆ. ಅಲ್ಲೇ ಕಂದು ಕಾಗದ ಹಾಸಿ, ಎಡಗೈ ಊರಿ, ಸುತ್ತ ಸೀಸದಕಡ್ಡಿಯಲ್ಲಿ ಗೆರೆ ಎಳೆದಳು. ಬೆರಳ ಉದ್ದ, ಅಂಗೈ ಸುತ್ತಳತೆ, ಮಣಿಕಟ್ಟು, ಟೇಪು ಹಿಡಿದು ಒಂದೊಂದನ್ನೂ ಬರೆದಳು. ಮೇಲೆ ದೊಡ್ಡದಾಗಿ "ಎಡ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಳು. ಕಾರ್ಖಾನೆಯಲ್ಲಿ ಆ ಎರಡು ಗೆರೆಗೆ ಅರ್ಥ ಒಂದೇ: ಇದನ್ನು ಯಾರೂ ಮುಟ್ಟಬೇಡಿ.

ಎರಡು ತಿಂಗಳಾಯಿತು, ಎರಡೂವರೆ ಆಯಿತು. ಪರವಾನಗಿ ಮುಗಿಯಲು ಹದಿನಾರು ದಿನ ಇದೆ ಅನ್ನುವಾಗ ಅಂಗಡಿಯಿಂದ ಕರೆ ಬಂತು. ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಅಣ್ಣನ ಜೊತೆ ಓಡಿದಳು. ಡಬ್ಬಿ ತೆರೆದರು. ಒಳಗೆ ಕಪ್ಪು ಪಿಸ್ತೂಲು, ಹೊಳೆಯುವ ಹೊಸ ಮರ. ಎಡಗೈಲಿ ಎತ್ತಿದಳು. ಉಬ್ಬು ಬಂದು ಬೆರಳಿಗೆ ಚುಚ್ಚಿತು.

ಕೈ ಬದಲಿಸಿದಳು. ಬಲಗೈಗೆ ಹಿಡಿಕೆ ಎಂಥ ಚಂದ ಕೂತಿತು ಅಂದರೆ, ಅವಳದೇ ಬೆರಳ ಉದ್ದ, ಅವಳದೇ ಅಂಗೈ, ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿಯಿಲ್ಲ. ಅವಳ ಕೈಯೇ, ಆದರೆ ಕಾಗದ ಮಗುಚಿ ಹಾಕಿದ್ದರು.

"ಇದು ಬಲಗೈದು" ಅಂದಳು.

"ಹೌದು ಮೇಡಂ" ಅಂದ ಅಂಗಡಿಯವನು, ಬಹುಮಾನ ಬರುತ್ತದೆ ಅನ್ನುವವನ ಮುಖ ಮಾಡಿಕೊಂಡು. "ನೀವು ತಪ್ಪಾಗಿ ಎಡ ಅಂತ ಬರೆದಿದ್ರಲ್ಲ, ನಾನೇ ತಿದ್ದಿ ಕಳಿಸಿದೆ."

ಪಿತ್ತ ನೆತ್ತಿಗೇರಿತು ಅನ್ನುತ್ತಾರಲ್ಲ, ಅವತ್ತು ಏರಿತು. "ತಪ್ಪಾಗಿ? ಕೈ ನಂದು, ಅಳತೆ ನಂದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ತಪ್ಪು ಅಂತ ನಿನಗೆ ಹೇಳಿದವರು ಯಾರು? ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದೆನಲ್ಲ ಮೇಡಂ. ನಿಮ್ಮ ಪರವಾನಗಿ ಫಾರಂನಲ್ಲಿ ನಂಬರಿತ್ತು, ಫೋನ್ ಮಾಡಿದೆ." ಅವನ ಕಣ್ಣು ಅವಳ ಭುಜ ದಾಟಿ ಹಿಂದೆ ಹೋಯಿತು. "ಸಾರೇ ಹೇಳಿದ್ರು."

ಅವಳು ತಿರುಗಿದಳು. ಅಣ್ಣ ಗೋಡೆಯ ಕ್ಯಾಲೆಂಡರು ಓದುತ್ತಿದ್ದ.

ಅಣ್ಣ ಕೈಕೊಟ್ಟಿದ್ದ. ಕೊಟ್ಟದ್ದೂ ಬಲಗೈಯನ್ನೇ.

"ಏನು ಹೇಳಿದೆ ನೀನು?"

"ಇನ್ನೇನು ಹೇಳ್ತೀನಿ? ಅವಳಿಗೆ ಬಲಗೈ ಅಭ್ಯಾಸ ಇದೆ, ಬಲಗೈಗೇ ಮಾಡಿಸಿ ಅಂದೆ. ನಿನ್ನ ಒಳ್ಳೇದಕ್ಕೇ ಕಣೇ. ಈ ವಯಸ್ಸಲ್ಲಿ ನಾಲ್ಕು ಜನರ ಮುಂದೆ ಎಡಗೈ ಎತ್ಕೊಂಡು ನಿಂತು ನಗೆಪಾಟಲಾಗೋದು ಯಾಕೆ? ಬಲಗೈಲಿ ಬರೀಲಿಲ್ವಾ, ಉಣ್ಣಲಿಲ್ವಾ? ಇದೂ ರೂಢಿಯಾಗುತ್ತೆ. ಅಂಕ ಬರಲಿಲ್ಲ ಅಂತ ಕೈ ಬದಲಾಯಿಸ್ತಾರಾ ಯಾರಾದ್ರೂ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕೇ ಆಗಿದ್ರೆ?" ಅಂದಳು ಎಡಚಿ. ಸ್ವರ ಎಷ್ಟು ಏರಿತೆಂದರೆ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಒಳಗೆ ಇಣುಕಿದರು. "ನಲವತ್ತಾರು ವರ್ಷದಿಂದ ಡೊಂಕು ನೆಲದ ಮೇಲೆ ಕುಣೀತಿದ್ದೀನಿ ಅಣ್ಣಾ! ಯಾರಾದ್ರೂ ಒಬ್ಬರು ಬಗ್ಗಿ ನೆಲ ನೋಡಿದ್ರಾ? ನಿನಗೆ ಎರಡೂ ಕಾಲಿಗೆ ಬಲಗಾಲಿನ ಚಪ್ಪಲಿ ಕೊಡ್ತೀನಿ, ರೂಢಿ ಮಾಡ್ಕೊ, ಹೋಗು. ಅವತ್ತು ನಿನಗೆ ಒಂಬತ್ತು ವರ್ಷ, ಅಮ್ಮ ಹೇಳಿದ್ದು ಮಾಡಿದೆ, ಬಿಟ್ಟೆ. ಇವತ್ತು ನಿನಗೆ ಐವತ್ತೈದು. ಇವತ್ತು ಯಾರು ಹೇಳಿದ್ರು? ಅಮ್ಮ ಹೋಗಿ ಯಾವ ಕಾಲ ಆಯ್ತು, ನೀನು ಇನ್ನೂ ರಿಬ್ಬನ್ನು ಹಿಡ್ಕೊಂಡು ಓಡಾಡ್ತಿದ್ದೀಯಲ್ಲೋ!"

ಅಂಗಡಿಯವನು ನಡುವೆ ಬಾಯಿ ಹಾಕಿ, "ಎಡಗೈದು ಮತ್ತೆ ತರಿಸೋಣ ಮೇಡಂ, ಎರಡೇ ತಿಂಗಳು" ಅಂದ. ಹದಿನಾರು ದಿನ ಉಳಿದವಳಿಗೆ ಎರಡೇ ತಿಂಗಳಂತೆ!

ಅವಳು ಆ ಪಿಸ್ತೂಲನ್ನು ಬಿಟ್ಟು ಬರಬಹುದಿತ್ತು. ಗುಲಾಬಿ ಬಣ್ಣದ್ದು ತಗೊಂಡು ಬರಬಹುದಿತ್ತು, ಅದರ ಹಿಡಿಕೆ ಯಾವ ಕೈಗೂ ಆಗುವಂಥದ್ದು, ಅಂದರೆ ಯಾವ ಕೈಗೂ ಸರಿಯಾಗಿ ಆಗದಂಥದ್ದು. ಡಬ್ಬಿಯ ಮುಂದೆ ಐದು ನಿಮಿಷ ನಿಂತಳು. ಆಮೇಲೆ ಕಟಿಂಗ್ ಮಾಸ್ಟರ್ ಕಣ್ಣಲ್ಲಿ ನೋಡಿದಳು. ಹಿಡಿಕೆ ಹೊಲಿದು ಸೇರಿಸಿದ ತೋಳಿನ ಹಾಗೆ ಬೇರೆ ತುಂಡು. ಎರಡು ತಿರುಪು ಬಿಚ್ಚಿದರೆ ಕೈಗೆ ಬರುತ್ತದೆ. ಅಂಗಿ ಸರಿಯಿದೆ, ತೋಳು ತಪ್ಪಿದೆ. ತೋಳು ತಪ್ಪಿದ್ದಕ್ಕೆ ಅಂಗಿ ಬಿಸಾಡುತ್ತಾರೆಯೇ?

"ಪಿಸ್ತೂಲು ಕ್ಲಬ್ಬಿಗೆ ಕಳಿಸು. ಮರದ ತುಂಡು ಬಿಚ್ಚಿ ನನಗೆ ಕೊಡು" ಅಂದಳು.

ಕಾರ್ಖಾನೆಯ ಪಕ್ಕದಲ್ಲಿ ಕುರ್ಚಿ ಮೇಜು ಮಾಡುವ ಬಡಗಿ ಒಬ್ಬನಿದ್ದ, ಮಾತು ಕಮ್ಮಿ. ಅವನಿಗೆ ಕೆತ್ತಲು ಅಳತೆ ಬೇಕಲ್ಲ, ಮೂರು ದಿನ ಕೆಲಸ ಮುಗಿದ ಮೇಲೆ ಅವಳು ತನ್ನ ಮೇಜಿನ ಮೇಲೆ ರಟ್ಟು ಕತ್ತರಿಸಿದಳು. ಹಿಡಿಕೆಯನ್ನು ಬ್ರೆಡ್ಡು ಹೋಳು ಮಾಡಿದ ಹಾಗೆ ಹನ್ನೊಂದು ಹೋಳು ಅಂತ ಊಹಿಸಿಕೊಂಡು, ಒಂದೊಂದು ಹೋಳಿಗೂ ಒಂದೊಂದು ರಟ್ಟು, ಎಲ್ಲವನ್ನೂ ಎಡಗೈಗೆ ತಿರುವಿ. ಮೊದಲ ಸಲ ಒಟ್ಟು ಜೋಡಿಸಿ ನೋಡಿದರೆ ಆರನೆಯದು ಮಗುಚಿ ಬಿದ್ದಿತ್ತು. ತಾನೇ ಮಗುಚಿದ್ದಳು! ತನ್ನ ಹಣೆಗೆ ತಾನೇ ಹೊಡೆದುಕೊಂಡು, ಎಲ್ಲದರ ಮೇಲೂ "ಎಡ" ಅಂತ ಬರೆದು, ಎರಡೆರಡು ಗೆರೆ ಎಳೆದಳು.

ಬಡಗಿ ರಟ್ಟುಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಇವನೂ ತಿದ್ದಿಬಿಟ್ಟರೆ? ಅವನು ತಲೆ ಎತ್ತಿ ಕೇಳಿದ, "ಅಕ್ಕಾ, ಬರೆದಿರೋ ಕಡೆ ಮೇಲಾ, ಕೆಳಗಾ?"

ಇಷ್ಟೇ. ಲೋಕದಲ್ಲಿ ಯಾರಾದರೂ ಕೇಳಬೇಕಾಗಿದ್ದದ್ದು ಇಷ್ಟೇ.

ಒಂಬತ್ತನೇ ದಿನ ಹಿಡಿಕೆ ತಯಾರಾಯಿತು. ಹೊಳಪಿಲ್ಲ, ಉಳಿಯ ಗುರುತು ಅಲ್ಲಲ್ಲಿ ಕಾಣುತ್ತಿತ್ತು. ಮೇಷ್ಟ್ರು ತಿರುಪು ಬಿಗಿದು, ಎಳೆದು ಅಲ್ಲಾಡಿಸಿ ನೋಡಿ, "ಕಣ್ಣು ಮುಚ್ಚಿ" ಅಂದರು. ಅವಳು ಕಣ್ಣು ಮುಚ್ಚಿ ಎಡಗೈ ಎತ್ತಿ ಕಣ್ಣು ಬಿಟ್ಟಳು. ಮೊನೆ ಕಚ್ಚಿನ ನಡುವೆ ಕೂತಿತ್ತು, ತಾನಾಗಿ.

ಪರೀಕ್ಷೆಯ ದಿನ ಅಣ್ಣನೂ ಬಂದ. ಜಾಮೀನುದಾರ ಎದುರಿಗಿರಬೇಕು ಅನ್ನುವುದು ನಿಯಮ, ಇಲ್ಲದಿದ್ದರೆ ಅವಳು ಕರೆಯುತ್ತಿರಲಿಲ್ಲ. ಅಂಗಡಿಯಿಂದ ಬಂದ ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದಳು. ಅವನು ಹಿಂದಿನ ಬೆಂಚಿನಲ್ಲಿ ಟೋಪಿ ತೊಡೆಯ ಮೇಲಿಟ್ಟು ಕೂತ. ಅವಳು ಎಡಗೈ ಎತ್ತಿದಾಗ ಸಾಲಿನಲ್ಲಿದ್ದ ಇಬ್ಬರು ಹುಬ್ಬೇರಿಸಿ ಮುಸಿಮುಸಿ ನಕ್ಕದ್ದು ಅವನಿಗೂ ಕಂಡಿತು. ಮೂವತ್ತು ಗುಂಡು ಮುಗಿಯುವ ಹೊತ್ತಿಗೆ ಅವರಿಬ್ಬರು ನಗುತ್ತಿರಲಿಲ್ಲ. ಕಾಗದ ತಂದು ಎಣಿಸಿದರು. ಇನ್ನೂರ ಅರವತ್ತಾರು.

ಮೇಷ್ಟ್ರು "ಉಸಿರು ಬಿಡಿ ಇನ್ನಾದ್ರೂ" ಅಂದರು. ಅವಳು ಬಿಟ್ಟಳು.

ಕ್ಲಬ್ಬಿನ ಕಾರ್ಯದರ್ಶಿ ಕಾಯಂ ಪರವಾನಗಿಯ ಕಾರ್ಡು ತುಂಬಿಸಿ ಮುಂದೆ ತಳ್ಳಿದ, ರುಜುವಿಗೆ. ಅವಳು ಓದಿದಳು. ಹೆಸರು ಸರಿ. ವಯಸ್ಸು ಸರಿ. ಕೈ: ಬಲ.

"ಇದು ತಪ್ಪು" ಅಂದಳು.

"ಜಾಮೀನು ಫಾರಂನಲ್ಲಿ ಹಾಗೇ ಇದೆ ಮೇಡಂ. ಇರಲಿ ಬಿಡಿ, ಪಾಸಾಗಿದ್ದೀರಲ್ಲ. ಎಡ ಬಲ ಯಾರು ನೋಡ್ತಾರೆ?"

"ನಾನು ನೋಡ್ತೀನಿ. ಪೆನ್ನು ಕೊಡಿ."

ಪೆನ್ನು ಬಂತು. ಬಲಗೈ ರೂಢಿಯಂತೆ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆಳೆದುಕೊಂಡು ಎಡಗೈಲಿ ಪೆನ್ನು ಹಿಡಿದಳು. ಬೆನ್ನ ಹಿಂದೆ ಬೆಂಚು ಕಿರುಗುಟ್ಟಿತು, ಅಣ್ಣ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದ. ಎಡಗೈಲಿ ಪೆನ್ನು ಕಂಡದ್ದೇ ಹಳೇ ಚಾಳಿಗೆ ಅವನ ಬಾಯಿ ತೆರೆಯಿತು. ಅವಳು ತಲೆಯೆತ್ತಿ ನೋಡಿದಳು. ಬಾಯಿ ಮುಚ್ಚಿತು. ಅವನು ಯಾರಿಗೆ ಅಂತಲ್ಲದೆ, "ಫಾರಂನಲ್ಲಿ ತಪ್ಪು ಬರೆದದ್ದು ನಾನೇ" ಅಂದ.

ಅವಳು ಬಲ ಅನ್ನುವುದನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆಯತೊಡಗಿದಳು. ಎ ಅಕ್ಷರದ ಬಾಲ ಎಲ್ಲಿಗೋ ಹೋಯಿತು, ಡ ಅಕ್ಷರ ಹೊಟ್ಟೆ ಒಡೆದು ಓರೆಯಾಗಿ ಬಿತ್ತು. ಒಂದನೇ ಕ್ಲಾಸಿನ ಮಗು ಬರೆದ ಹಾಗಿತ್ತು. ಇನ್ನು ಹೇಗೆ ಇರಬೇಕು? ಆ ಕೈ ಒಂದನೇ ಕ್ಲಾಸಿಗೆ ಹೋಗಿಯೇ ಇರಲಿಲ್ಲ. ಬರೆದು ಮುಗಿಸಿ, ಕೆಳಗೆ ಎರಡು ಗೆರೆ ಎಳೆದಳು.

ಕಾರ್ಯದರ್ಶಿ ಕಾರ್ಡು ತಿರುಗಿಸಿ ನೋಡಿ ಮುಖ ಸಿಂಡರಿಸಿದ. "ಓದೋಕೆ ಬರಲ್ಲ ಮೇಡಂ. ಕೊಡಿ, ನಾನು ಸ್ವಲ್ಪ ತಿದ್ದಿ ಕೊಡ್ತೀನಿ."

ಎಡಚಿ ಕಾರ್ಡಿನ ಮೇಲೆ ಎಡಗೈ ಊರಿದಳು.

"ತಿದ್ದಿದ್ದು ಸಾಕು" ಅಂದಳು.